ಏದುಸಿರಿನ ಹೇಂಟೆ

ವೆಂಡಲ್ ಟಿಡ್‌ಮೋರ್‌ಗೆ ಈಗ ಎಪ್ಪತ್ತೊಂದು. ಅದರಲ್ಲಿ ಮೂವತ್ತೆಂಟು ವರ್ಷ ಶಾಲಾ ಬಸ್ಸುಗಳ ಅಡಿಯಲ್ಲಿ ಮಲಗಿ ರಿಪೇರಿ ಮಾಡಿದ್ದಾನೆ. ಆದರೆ ಅಲಬಾಮಾದ ನಮ್ಮ ಈ ಮೂಲೆಯಲ್ಲಿ ಯಾರನ್ನೇ ಕೇಳಿ, ಬಸ್ಸಿನ ಮಾತೇ ಬರುವುದಿಲ್ಲ. "ಓ, ಆ ಟರ್ಕಿ ಕೋಳಿಯವನಾ?" ಎನ್ನುತ್ತಾರೆ. ಹುಂಜವನ್ನು ಬಂದೂಕಿನೆದುರಿಗೆ ಸೆಳೆಯಲು ಹೇಂಟೆಯ ಕೂಗನ್ನು ಅವನಷ್ಟು ಚೆನ್ನಾಗಿ ಕೂಗುವವರು ಇಲ್ಲ. ಕೂಗಬಾರದ ಹೊತ್ತಿನಲ್ಲಿ ಕೂಗಿದವರನ್ನು ಅವನಷ್ಟು ಚೆನ್ನಾಗಿ ಬಯ್ಯುವವರೂ ಇಲ್ಲ.

ಕೂಗಬಾರದ ಹೊತ್ತೆಂದರೆ ಮಾರ್ಚ್ ತಿಂಗಳ ಮೊದಲ ವಾರಗಳು. ಸರ್ಕಾರಿ ಕಾಡಿನಲ್ಲಿ ಕಾಡು ಟರ್ಕಿಗಳ ಬೇಟೆ ಶುರುವಾಗುವ ಮುಂಚೆ ನಾವೆಲ್ಲ ನಸುಕಿನಲ್ಲೇ ಹೋಗಿ, ಹುಂಜಗಳು ಯಾವ ಮರದ ಮೇಲೆ ಕೂತಿವೆ ಎಂದು ಪತ್ತೆ ಮಾಡಿಕೊಂಡು ಬರುತ್ತೇವೆ. ಗೂಬೆಯಂತೆ ಕೂಗಬಹುದು, ಕಾಗೆಯಂತೆ ಕೂಗಬಹುದು. ಹುಂಜ ರೇಗಿ ಗುಳುಗುಳು ಎಂದು ತಾನಿರುವ ಜಾಗ ತಾನೇ ಹೇಳಿಬಿಡುತ್ತದೆ. ಹೇಂಟೆಯಂತೆ ಮಾತ್ರ ಕೂಗುವಂತಿಲ್ಲ. ದಿನಾ ಕರೆದು ಕರೆದು ಹೆಣ್ಣನ್ನೇ ತೋರಿಸದಿದ್ದರೆ ಹುಂಜಕ್ಕೂ ಬುದ್ಧಿ ಬರುತ್ತದೆ, ಬೇಟೆಯ ದಿನ ಏನು ಮಾಡಿದರೂ ಬಾಯಿ ಬಿಡುವುದಿಲ್ಲ. ಕೂಗಿ ಸಿಕ್ಕಿಬಿದ್ದವನಿಗೆ ಆ ವರ್ಷದ ಪರ್ಮಿಟ್ ರದ್ದು. ಈ ನಿಯಮ ಬರಲೆಂದು ಇಪ್ಪತ್ತು ವರ್ಷದ ಹಿಂದೆ ಮನೆಮನೆ ಅಲೆದು ಸಹಿ ಹಾಕಿಸಿದವನೇ ವೆಂಡಲ್. ನನ್ನ ಸಹಿಯೂ ಅದರಲ್ಲಿದೆ. ಹಾಕದಿದ್ದರೆ ನಮ್ಮ ಜಗುಲಿಯಿಂದ ಅವನು ಏಳುತ್ತಿರಲಿಲ್ಲ.

ನಾನು ಲೊರೀನ್, ಅವನ ಪಕ್ಕದ ಮನೆಯವಳು. ಹೋದ ಡಿಸೆಂಬರಿನವರೆಗೂ ಈ ಊರಿನ ಟಪಾಲು ಹಂಚುತ್ತಿದ್ದೆ, ಹಾಗಾಗಿ ಯಾರ ಮನೆಗೆ ಏನು ಬರುತ್ತದೆಂದು ನನಗೆ ಗೊತ್ತು. ಕಿವಿ ಡಾಕ್ಟರು ವೆಂಡಲ್‌ಗೆ ಎರಡು ವರ್ಷದಿಂದ ಕಾಗದ ಹಾಕುತ್ತಿದ್ದರು. ಅವನು ಒಡೆಯದೆ ಕಸದ ಡಬ್ಬಕ್ಕೆ ಹಾಕುತ್ತಿದ್ದ. ನಲವತ್ತು ವರ್ಷ ಕೆನ್ನೆಗೊತ್ತಿ ಬಂದೂಕು ಹಾರಿಸಿದ ಕಿವಿ ಎಷ್ಟು ದಿನ ಬಾಳೀತು? ಎದುರು ನಿಂತು ಮಾತಾಡಿದರೆ ಕೇಳಿಸುತ್ತಿತ್ತು. ಕೀರಲು ದನಿ, ದೂರದ ದನಿ ಎಲ್ಲ ಹೋಗಿಬಿಟ್ಟಿದ್ದವು. ಒಪ್ಪಿಕೊಳ್ಳಬೇಕಲ್ಲ! ಹುಂಜ ಯಾವ ಕಡೆ ಕೂಗಿತು ಎಂದು ಯಾರಾದರೂ ಕೇಳಿದರೆ, "ನೀನೇ ಹೇಳು, ನಿನ್ನ ಕಿವಿ ಎಷ್ಟು ಚುರುಕು ನೋಡೋಣ," ಎಂದು ಮೇಷ್ಟ್ರ ಹಾಗೆ ಕೈಕಟ್ಟಿ ನಿಲ್ಲುತ್ತಿದ್ದ.

ಈ ಮಾರ್ಚಿನಲ್ಲಿ ಒಂದು ಬೆಳಿಗ್ಗೆ ಹೋಟೆಲಿನಲ್ಲಿ ಕೂತಿದ್ದೆವು. ದಿಮ್ಮಿ ಸಾಗಿಸುವ ಲಾರಿಯ ಡ್ವೈಟ್, ಗ್ರೇವಿಯಲ್ಲಿ ಬನ್ನಿನಂಥ ಮೆತ್ತನೆ ಬಿಸ್ಕೆಟ್ ಅದ್ದುತ್ತ ಸುದ್ದಿ ಹೇಳಿದ.

"ವೆಂಡಲ್, ನೀನು ಹೋಗೋ ಹಳ್ಳದ ಕಡೆ ಯಾರೋ ಹೇಂಟೆ ಕೂಗು ಹಾಕ್ತಿದ್ದಾರೆ ಕಣೋ. ಮೂರು ದಿನದಿಂದ ಕೇಳ್ತಿದ್ದೀನಿ."

"ನಿಜವಾದ ಹೇಂಟೆನೇ ಇರಬೇಕು."

"ಏದುಸಿರು ಬಿಡ್ತಾ ಗುಡ್ಡ ಹತ್ತೋ ಹೇಂಟೆ ಎಲ್ಲಾದ್ರೂ ಇದ್ಯಾ? ಎರಡು ಕೂಗು, ಒಂದು ಉಸಿರು. ಎರಡು ಕೂಗು, ಒಂದು ಉಸಿರು. ಪಾಪ, ಅದಕ್ಕೆ ಅಸ್ತಮಾ ಇರಬೇಕು!"

ಹೋಟೆಲಿಗೆ ಹೋಟೆಲೇ ನಕ್ಕಿತು. ವೆಂಡಲ್ ಮಾತ್ರ ಕೆಂಡವಾದ. ಮೇಜು ಗುದ್ದಿದ ರಭಸಕ್ಕೆ ನನ್ನ ಕಾಫಿ ತುಳುಕಿತು.

"ಯಾವನೇ ಆಗಿರ್ಲಿ, ನನ್ನ ಒಡಹುಟ್ಟಿದವನೇ ಆಗಿರ್ಲಿ! ಈ ವರ್ಷ ಅವನು ಬಂದೂಕು ಮುಟ್ಟಿದ್ರೆ ನನ್ನ ಹೆಸರು ವೆಂಡಲ್ ಅಲ್ಲ!" ಎಂದು ಅಲ್ಲಿಂದಲೇ ಬೇಟೆ ವಾರ್ಡನ್ ಕೇಸಿಗೆ ಫೋನು ಹಚ್ಚಿದ. ಆ ಕಡೆಯಿಂದ ದನಿ ಬರುತ್ತಿದ್ದಂತೆ ಫೋನನ್ನು ನನ್ನ ಕೈಗೆ ತುರುಕಿ, "ನನಗೆ ಗಂಟಲು ಸರಿ ಇಲ್ಲ, ನೀನೇ ಮಾತಾಡು," ಎಂದ. ಹೋಟೆಲು ಹಾರಿಹೋಗುವ ಹಾಗೆ ಕಿರುಚಿದ ಗಂಟಲು!

ಕೇಸಿಗೆ ಇಪ್ಪತ್ತಾರು ವರ್ಷ. ಹತ್ತನೇ ವಯಸ್ಸಿನಲ್ಲಿ ಬಂದೂಕು ಹಿಡಿಯುವುದನ್ನು ವೆಂಡಲ್‌ನಿಂದಲೇ ಕಲಿತವಳು. ಮಾರನೆಯ ದಿನ ಬೆಳಕು ಹರಿಯುವ ಮುಂಚೆಯೇ ಅವಳು ಗುಡ್ಡದ ನೆತ್ತಿಯಲ್ಲಿ ಓಕ್ ಮರದ ಮರೆಗೆ ಕೂತಿರಬೇಕು, ನಾವಿಬ್ಬರು ಹಳ್ಳದಿಂದ ಹತ್ತುತ್ತ ಹೋಗಬೇಕು, ಕಳ್ಳ ನಡುವೆ ಸಿಕ್ಕಬೇಕು: ಇದು ವೆಂಡಲ್‌ನ ಯೋಜನೆ. ಈ ವರ್ಷ ನಾನು ಅವನ ಜೊತೆ ಕಾಡಿಗೆ ಹೋಗಿದ್ದು ಅದೇ ಮೊದಲು.

ಅವನ ಎಡಗೆನ್ನೆ ಉಬ್ಬಿತ್ತು. ಬಾಯಿಪೀಪಿ. ಲಾಳದ ಆಕಾರದ ತುಂಡಿಗೆ ತೆಳ್ಳನೆ ರಬ್ಬರು ಬಿಗಿದಿರುತ್ತದೆ, ಉಸಿರು ತಾಗಿದರೆ ಹೇಂಟೆಯ ಕೂಗು ಬರುತ್ತದೆ. ಹೊಸತರಲ್ಲಿ ಗಡಸು, ಬಾಯಲ್ಲಿ ನೆನೆದರೆ ಪಳಗುತ್ತದೆ. ಹಾಗಾಗಿ ಮಾರ್ಚಿನಲ್ಲಿ ನಮ್ಮೂರ ಗಂಡಸರೆಲ್ಲ ಹಲ್ಲುನೋವು ಬಂದವರಂತೆ ಕೆನ್ನೆ ಊದಿಸಿಕೊಂಡು ಓಡಾಡುತ್ತಾರೆ. ಬಾಯಲ್ಲಿಟ್ಟುಕೊಂಡರೆ ತಪ್ಪಿಲ್ಲ, ಸದ್ದು ಬರಬಾರದು ಅಷ್ಟೆ.

ಏರು ಶುರುವಾಯಿತು. ವೆಂಡಲ್ ಉಬ್ಬಸ ಪಡುತ್ತ ಮುಂದೆ, ನಾನು ಮಂಡಿ ಹಿಡಿದುಕೊಂಡು ಹಿಂದೆ. ಕ್ಯೋಂಕ್, ಕ್ಯೋಂಕ್. ನಾನು ಗಕ್ಕನೆ ನಿಂತು ಎಡಕ್ಕೆ ನೋಡಿದೆ, ಬಲಕ್ಕೆ ನೋಡಿದೆ. ಒಂದು ಉಸಿರು. ಮತ್ತೆ ಕ್ಯೋಂಕ್, ಕ್ಯೋಂಕ್. ಮುಂದೆ ವೆಂಡಲ್‌ನ ಬೆನ್ನು ಬಿಟ್ಟರೆ ಏನೂ ಇರಲಿಲ್ಲ. ಅಷ್ಟರಲ್ಲಿ ಹಳ್ಳದಾಚೆ ಹುಂಜವೊಂದು ಕಾಡೇ ನಡುಗುವಂತೆ ಗುಳುಗುಟ್ಟಿತು. ವೆಂಡಲ್ ತಿರುಗಿಯೂ ನೋಡಲಿಲ್ಲ.

ನನಗೆ ನಗು ಬಂತು, ಅದರ ಹಿಂದೆಯೇ ನೆತ್ತಿಯಲ್ಲಿ ಕೂತ ಕೇಸಿಯ ನೆನಪಾಯಿತು. ಭುಜ ಹಿಡಿದು ನಿಲ್ಲಿಸೋಣ ಎಂದುಕೊಳ್ಳುವಷ್ಟರಲ್ಲಿ ಕೇಸಿ ಮರದ ಮರೆಯಿಂದ ಇಳಿದು ಬಂದಳು. ವೆಂಡಲ್ ತುಟಿಯ ಮೇಲೆ ಬೆರಳಿಟ್ಟು, "ಶ್! ಬಂದ್ನಾ ಕಳ್ಳ?" ಎಂದು ಪಿಸುಗುಟ್ಟಿದ.

ಕೇಸಿ ನನ್ನ ಮುಖ ನೋಡಿದಳು, ನಾನು ನೆಲ ನೋಡಿದೆ.

"ವೆಂಡಲ್ ಸರ್, ಆ ಪೀಪಿ ಸ್ವಲ್ಪ ತೆಗೀತೀರಾ?"

"ಯಾಕಮ್ಮ?"

"ಕೂಗು ನಿಮ್ಮ ಬಾಯಿಂದನೇ ಬರ್ತಿತ್ತು ಸರ್."

ಅವನು ಪೀಪಿಯನ್ನು ಅಂಗೈ ಮೇಲೆ ಉಗುಳಿಕೊಂಡು, ಯಾರೋ ತನ್ನ ಜೇಬಿಗೆ ಕದ್ದ ಮಾಲು ಹಾಕಿದ ಹಾಗೆ ಅದನ್ನೇ ನೋಡುತ್ತ ನಿಂತ. ನಿಧಾನಕ್ಕೆ ಕಿವಿಯ ತುದಿಯವರೆಗೂ ಕೆಂಪಾದ.

ಕೇಸಿ ಮೆಲ್ಲಗೆ, ಆದರೆ ಅವನಿಗೆ ಕೇಳಿಸುವಂತೆ ಎದುರಿಗೇ ನಿಂತು ಹೇಳಿದಳು: "ಗೊತ್ತಿಲ್ದೆ ಸದ್ದು ಬಂದಿದ್ರೆ ಬರೀ ಎಚ್ಚರಿಕೆ ಕೊಟ್ಟು ಬಿಡಬಹುದು ಸರ್, ಪರ್ಮಿಟ್ ಉಳಿಯುತ್ತೆ. 'ನನಗೆ ಕೇಳಿಸ್ಲಿಲ್ಲ' ಅಂತ ನೀವು ಒಂದು ಮಾತು ಹೇಳಿ, ಸಾಕು."

"ಹೇಳೋ ಮಾರಾಯ," ಎಂದೆ ನಾನು. "ಒಂದು ಮಾತು."

ವೆಂಡಲ್ ಟೋಪಿ ತೆಗೆದು ಮತ್ತೆ ಹಾಕಿಕೊಂಡ. "ಬೇಕಂತಲೇ ಊದಿದೆ," ಎಂದ. "ಬರಿ. ಯಾವನೇ ಆಗಿರ್ಲಿ ಅಂತ ಹೋಟೆಲಲ್ಲಿ ಹೇಳಿದವನು ನಾನೇ."

ಹಠಮಾರಿ ಮುದುಕ! ಆ ಗಳಿಗೆ ಅವನ ತಲೆಗೆ ಮೊಟಕಬೇಕು ಎನ್ನಿಸಿತು. ಕೇಸಿಯ ಪೆನ್ನು ಎರಡು ಸಲ ನಿಂತಿತು. ಅವಳು ಬರೆದ ನಿಯಮದ ನಂಬರು ತಪ್ಪೆಂದು ಅವನೇ ತಿದ್ದಿಸಿದ. ಪರ್ಮಿಟ್ ತೆಗೆದುಕೊಂಡು ಹೋಗುವಾಗ ಆ ಹುಡುಗಿ ಮೂಗು ಒರೆಸಿಕೊಳ್ಳುತ್ತಿದ್ದಳು.

ಇಳಿಯುವಾಗ ಅರ್ಧ ದಾರಿಯಲ್ಲಿ, ಬಿದ್ದ ಮರವೊಂದರ ಮೇಲೆ ವೆಂಡಲ್ ಕೂತ. ನಾನೂ ಕೂತೆ. ಬಹಳ ಹೊತ್ತು ಬೂಟಿನ ಕೆಸರು ಕೆರೆಯುತ್ತಿದ್ದ.

"ಲೊರೀನ್, ನನ್ನ ಕೂಗು ಹೇಗಿತ್ತು?"

"ಉಬ್ಬಸದ ಹೇಂಟೆ ಹಾಗೆ."

"ಅದಲ್ಲ. ಹುಂಜ... ಉತ್ತರ ಕೊಡ್ತಾ?"

ಸುಳ್ಳು ಹೇಳಲು ಬಾಯಿ ಬರಲಿಲ್ಲ. "ಕೊಡ್ತು. ಮೊದಲು ಹಳ್ಳದ ಆಚೆಯಿಂದ. ನೀನು ಕೇಸಿಗೆ ನಂಬರ್ ಹೇಳ್ತಾ ನಿಂತಿದ್ದಾಗ ಈಚೆ ದಡಕ್ಕೇ ಬಂದು ಇನ್ನೊಂದು ಸಲ."

ಅವನ ಮುಖ ಮೊದಲು ಅರಳಿತು, ಆಮೇಲೆ ಕಣ್ಣು ತುಂಬಿಕೊಂಡಿತು.

"ಅಷ್ಟು ಹತ್ತಿರನಾ?" ಎಂದ. "ನನಗೆ ಒಂದೂ ಕೇಳಿಸ್ಲಿಲ್ಲ ಕಣೇ."

ಎರಡು ವರ್ಷದಿಂದ ಆ ಮಾತಿಗಾಗಿ ಕಾದಿದ್ದೆ. ಬಂದಾಗ ನನಗೂ ಅಳು ಬಂತು. ಅವನ ಕೈ ಹಿಡಿದುಕೊಂಡೆ.

"ಆ ಕಿವಿ ಡಾಕ್ಟರು ಯಾವಾಗ ಇರ್ತಾನೆ?"

"ಗುರುವಾರ."

"ಸರಿ, ಕರಕೊಂಡು ಹೋಗು," ಎಂದು ಎದ್ದು ಪ್ಯಾಂಟು ಕೊಡವಿಕೊಂಡ. "ಈ ವರ್ಷ ಹೇಗೂ ಬಿಡುವಾಗಿದ್ದೀನಿ."