ಅಜ್ಜಿಯನ್ನು ಬೈದು ಹಾಡಿದ ಮದುವೆ

ನನ್ನ ಗಂಟಲು ಚೆನ್ನಾಗಿಲ್ಲ ಅಂತ ಯಾರೂ ನನಗೆ ಹೊಸದಾಗಿ ಹೇಳಬೇಕಾಗಿಲ್ಲ. ನನಗೆ ಹನ್ನೊಂದು ತುಂಬುವ ಮೊದಲೇ, ಕಾಮಗೆರೆಯ ಒಂದು ಮದುವೆ ಚಪ್ಪರದಲ್ಲಿ, ಊರ ಜನರ ಎದುರಿಗೆ ಅದು ತೀರ್ಮಾನವಾಗಿ ಹೋಗಿತ್ತು. ತೀರ್ಮಾನ ಕೊಟ್ಟವಳು ಬೇರೆ ಯಾರೂ ಅಲ್ಲ, ನಮ್ಮವ್ವನನ್ನು ಹೆತ್ತ ಅಜ್ಜಿ.

ಅಜ್ಜಿ ಸೋಬಾನೆ ಪದ ಹೇಳುವವಳು. ಇದ್ದದ್ದು ಯಳಂದೂರಿನಲ್ಲಿ, ಆದರೆ ಕೊಳ್ಳೇಗಾಲ, ಕಾಮಗೆರೆ, ಹನೂರು, ಎಲ್ಲಿ ಮದುವೆಯಾದರೂ ಮೊದಲ ವೀಳ್ಯ ಅವಳಿಗೇ ಹೋಗಬೇಕು. ವೀಳ್ಯ ಮೊದಲು ಯಾರ ಕೈಗೆ ಬರುತ್ತದೋ ಅವರು ಪದ ಎತ್ತುವವರು, ಮಿಕ್ಕ ಹೆಂಗಸರು ಹಿಂದೆ ಕೂತು ಅದೇ ಸಾಲು ತಿರುಗಿ ಹೇಳಿ ಸೊಲ್ಲು ಕೊಡುವವರು. ಆ ಹಿಂದಿನವರ ನಡುವೆ ತೂರಿಕೊಂಡು ಆವತ್ತು ನಾನೂ ಸೊಲ್ಲು ಕೊಟ್ಟೆ. ಅಜ್ಜಿ ಪದ ನಿಲ್ಲಿಸಿದಳು, ತಿರುಗಿ ನೋಡಿದಳು, ಚಪ್ಪರದೊಳಕ್ಕೆ ಎಮ್ಮೆ ತಂದು ಕಟ್ಟಿದವರು ಯಾರು ಅಂತ ಕೇಳಿದಳು. ಹಸೆಮಣೆ ಮೇಲೆ ಕೂತಿದ್ದ ಮದುಮಗನೂ ನಕ್ಕ. ಅವನ ಮದುವೆ ಅವನು ನೋಡಿಕೊಳ್ಳಬಾರದಿತ್ತಾ? ನಮ್ಮ ಕೊಳ್ಳೇಗಾಲದ ಸೀಮೆ ಮದರಾಸಿನಿಂದ ಬಿಡಿಸಿಕೊಂಡು ಮೈಸೂರಿಗೆ ಸೇರಿದ ಹೊಸದು ಅದು. ದೊಡ್ಡವರೆಲ್ಲ ಅದರ ಸುದ್ದಿಯಲ್ಲಿದ್ದರೆ, ನಮ್ಮ ಬೀದಿಯ ಹುಡುಗಿಯರು ವರ್ಷವಿಡೀ ನನ್ನನ್ನು ಕಂಡ ಕೂಡಲೇ ಹುಲ್ಲು ಹಾಕಲಾ ಅಂತ ಕೇಳುತ್ತಿದ್ದರು.

ವಿಚಿತ್ರ ಏನೆಂದರೆ, ನನ್ನ ಕಿವಿಗೆ ನನ್ನ ದನಿ ಚಂದವಾಗೇ ಕೇಳುತ್ತಿತ್ತು. ಇದು ಎಲ್ಲರಿಗೂ ಇರುವ ಕಾಯಿಲೆಯೋ ಏನೋ. ನಮ್ಮೂರ ಅಂಚೆಯವನು ಸೈಕಲ್ ಮೇಲೆ ಕಣ್ಣು ಮುಚ್ಚಿಕೊಂಡು ಹಾಡುತ್ತಾ ಬಂದು ಎರಡು ಸಲ ಕಾಲುವೆಗೆ ಬಿದ್ದಿದ್ದ. ಆದರೂ ತನ್ನ ಗಂಟಲಿನ ಮೇಲೆ ಅವನಿಗೆ ಒಂದು ಚೂರೂ ಅನುಮಾನ ಬರಲಿಲ್ಲ. ನಮ್ಮವ್ವನದು ಇದಕ್ಕೆ ತದ್ವಿರುದ್ಧ. ಕೇಳಿದರೆ ಇನ್ನೂ ಕೇಳಬೇಕು ಅನ್ನಿಸುವ ದನಿ, ಆದರೆ ಹಾಲು ಕರೆಯುವಾಗ ಹಸುವಿನ ಕಿವಿಗೆ ಬಿಟ್ಟು ಇನ್ನೊಬ್ಬರಿಗೆ ಕೇಳಿಸಿದವಳಲ್ಲ. ಯಾರಾದರೂ ಬಂದರೆ ಬಾಯಿ ಮುಚ್ಚಿಕೊಂಡು, ಕಳ್ಳತನದಲ್ಲಿ ಸಿಕ್ಕಿಬಿದ್ದವಳ ಹಾಗೆ ಮುಖ ಮಾಡುತ್ತಿದ್ದಳು. ನಾನು ಮಾತ್ರ ರಾಗಿ ಖಾಲಿಯಾದ ಗುಡಾಣದೊಳಗೆ ತಲೆ ತೂರಿಸಿ ಹಾಡಿಕೊಳ್ಳುತ್ತಿದ್ದೆ. ಅಜ್ಜಿ ಒಂದು ಸಲ, ಒಂದೇ ಒಂದು ಸಲ, ನೀನೂ ಹೇಳಮ್ಮಿ ಅನ್ನಲಿ ಅಂತ ನನಗೆ ಆಸೆ. ಆ ಮುದುಕಿಯೋ, ನಾನು ಕೆಮ್ಮಿದರೂ ಮುಖ ಸಿಂಡರಿಸುತ್ತಿದ್ದಳು.

ಹೀಗೆ ಮೂರು ನಾಲ್ಕು ವರ್ಷ ಕಳೆದ ಮೇಲೆ ನನ್ನ ಅಕ್ಕನಿಗೆ ಮದುವೆ ಗೊತ್ತಾಯಿತು. ಗಂಡು ನಮ್ಮ ಸೋದರಮಾವ, ಅಜ್ಜಿಯ ಕೊನೆಯ ಮಗ, ಯಳಂದೂರಿನ ಒಂದು ಆಫೀಸಿನಲ್ಲಿ ಗುಮಾಸ್ತ. ಅಕ್ಕನ ಮಗಳನ್ನು ತರುವುದು ನಮ್ಮ ಕಡೆ ಹೊಸದೇನಲ್ಲ. ಎಲ್ಲರಿಗೂ ಸಂತೋಷ. ವೀಳ್ಯದ ಮಾತು ಬಂದಾಗಲೇ ಎಲ್ಲರ ತಲೆಗೆ ಹೊಳೆದದ್ದು: ಅಜ್ಜಿ ಈ ಮದುವೆಯಲ್ಲಿ ಗಂಡಿನ ತಾಯಿ.

ನಮ್ಮಲ್ಲಿ ಧಾರೆಯಾದ ಮೇಲೆ ಬೀಗರ ಪದ ಅಂತ ಇರುತ್ತದೆ. ಗಂಡಿನ ತಾಯಿಯನ್ನು ಎದುರಿಗೆ ಚಾಪೆ ಹಾಕಿ ಕೂರಿಸಿ, ಹೆಣ್ಣಿನ ಕಡೆಯ ಹೆಂಗಸರು ಅವಳನ್ನು ಪದ ಕಟ್ಟಿ ಬೈಯುವುದು. ಕೂದಲಿನಿಂದ ಶುರುಮಾಡಿ ಹಲ್ಲು, ಹೊಟ್ಟೆ, ನಡಿಗೆ, ಕೊನೆಗೆ ಅವಳ ದನಿ, ಹೀಗೆ ಒಂದೂ ಬಿಡದೆ, ಅದೇ ವರಸೆಯಲ್ಲಿ. ಅವಳು ಕಮಕ್ ಕಿಮಕ್ ಅನ್ನದೆ ಕೂತಿರಬೇಕು. ಬಾಯಿ ಬಿಟ್ಟಳೋ, ಗಂಡಿನ ಕಡೆಯವರು ಸೋತರು, ಊಟದ ಎಂಜಲೆಲೆಯೆಲ್ಲ ಅವರೇ ಎತ್ತಬೇಕು. ಪದ ನಡುವೆ ನಿಂತು ಮೂರು ಚಪ್ಪಾಳೆ ಬಿತ್ತೋ, ಹೆಣ್ಣಿನ ಕಡೆಯವರು ಸೋತರು. ಮೂವತ್ತು ವರ್ಷದಿಂದ ಈ ಬೈಗುಳದ ಪದಗಳನ್ನು ಕಟ್ಟಿ, ಹೇಳಿ, ಎಷ್ಟೋ ಬೀಗಿತಿಯರನ್ನು ಅಳಿಸಿದವಳು ನಮ್ಮ ಅಜ್ಜಿ. ಈಗ ಅವಳೇ ಚಾಪೆ ಮೇಲೆ. ಅವಳ ಗುಂಪಿನ ಹೆಂಗಸರೂ ಗಂಡಿನ ಕಡೆಗೇ ಹೋದರು. ನಮ್ಮ ಕಡೆ ಪದ ಎತ್ತುವವರು ಒಬ್ಬರೂ ಇಲ್ಲ.

ಉಪಾಯ ಹೇಳಿದವಳೂ ಅಜ್ಜಿಯೇ. ಚಿಕ್ಕವಳಿಗೆ ಓದು ಬರಹ ಬರುತ್ತದೆ, ಪದ ತಪ್ಪದೆ ಬರೆದುಕೊಂಡು ಹೇಳುತ್ತಾಳೆ, ಬೈಯುವುದಕ್ಕೆ ಎಮ್ಮೆ ದನಿಯಾದರೂ ನಡೆಯುತ್ತದೆ ಅಂದಳಂತೆ. ಇದನ್ನು ಕೇಳಿ ಕುಣಿಯಬೇಕೋ ಅಳಬೇಕೋ ಗೊತ್ತಾಗದೆ, ಎರಡಾಣೆಯ ನೋಟ್‌ಬುಕ್ಕು ಹಿಡಿದು ಯಳಂದೂರಿನ ಬಸ್ಸು ಹತ್ತಿದೆ.

ಅಜ್ಜಿ ಪದಗಳನ್ನು ಮಾತಿನಲ್ಲೇ ಹೇಳಿ ಬರೆಸಿದಳು. ರಾಗ ನಿನಗೆ ಗೊತ್ತಲ್ಲ, ಕದ್ದು ಕೇಳಿದ್ದೀಯಲ್ಲ ಅಂತ ತಳ್ಳಿಹಾಕಿದಳು. ಒಂದು ಸಲ ಹೇಳಿ ತೋರಿಸು ಅಂದರೆ ಹಲ್ಲುನೋವು, ಇಲ್ಲದಿದ್ದರೆ ಮಂಡಿನೋವು. ಮಂಡಿಗೂ ಹಾಡಿಗೂ ಏನು ಸಂಬಂಧವೋ. ಹಿಂದಿನ ವರ್ಷದ ಬೇಸಗೆಯಿಂದ ಅವಳು ಎರಡು ಮೂರು ಮದುವೆಯ ವೀಳ್ಯವನ್ನೂ ವಾಪಸ್ಸು ಕಳಿಸಿದ್ದಳು. ಮಗನಿಗೆ ಸರ್ಕಾರಿ ನೌಕರಿ ಸಿಕ್ಕಿದ ಮೇಲೆ ಮುದುಕಿಗೆ ಕೊಬ್ಬು ಬಂದಿದೆ ಅಂತ ಜನ ಆಡಿಕೊಳ್ಳುತ್ತಿದ್ದರು. ನಾನೂ ಹಾಗೇ ಅಂದುಕೊಂಡಿದ್ದೆ.

ಮಾರನೆಯ ದಿನ ಮಧ್ಯಾಹ್ನ ಹಿತ್ತಲಿಗೆ ಹೋದರೆ ಅಜ್ಜಿ ಬೆನ್ನು ತಿರುಗಿಸಿ ರಾಗಿಕಲ್ಲು ಬೀಸುತ್ತಿದ್ದಳು. ಕಲ್ಲು ಗರಗರ ತಿರುಗುತ್ತಿತ್ತು, ಹಿಟ್ಟು ಮಾತ್ರ ಬೀಳುತ್ತಿರಲಿಲ್ಲ. ಕಲ್ಲಿನೊಳಗೆ ಒಂದು ಕಾಳು ರಾಗಿಯೂ ಇರಲಿಲ್ಲ. ಆ ಸದ್ದಿನ ಮರೆಯಲ್ಲಿ ಅಜ್ಜಿ ಪದ ಎತ್ತಲು ನೋಡುತ್ತಿದ್ದಳು. ಎತ್ತುತ್ತಾಳೆ, ದನಿ ಏರುವ ಕಡೆ ಬರೀ ಗಾಳಿ. ಮತ್ತೆ ಎತ್ತುತ್ತಾಳೆ, ಮತ್ತೆ ಗಾಳಿ. ತಿರುಗಿ ನನ್ನನ್ನು ಕಂಡವಳು ಕಲ್ಲು ನಿಲ್ಲಿಸಿದಳು.

"ಯಾರ್ಗಾರ ಯೋಳುದ್ರೆ ನಾಲ್ಗೆ ಸೀಳ್ಬುಡ್ತೀನಿ ಕಣಮ್ಮಿ," ಅಂದಳು. ಆಮೇಲೆ, "ಕೊಬ್ಬು ಅನ್ಲಿ ಬುಡು. ಮೂಗಿ ಅನ್ಬಾರ್ದು," ಅಂದಳು.

ಅಷ್ಟು ವರ್ಷ ಆ ಮುದುಕಿಯ ಮೇಲೆ ಸಾಕಿಕೊಂಡಿದ್ದ ಸಿಟ್ಟು ನನಗೆ ಆ ಹಿತ್ತಲಿನಲ್ಲಿ ಕೈಕೊಟ್ಟಿತು. ಪಾಪ ಅನ್ನಿಸಿತು. ಪಾಪ ಅನ್ನಿಸಿದ್ದಕ್ಕೆ ಇನ್ನಷ್ಟು ಸಿಟ್ಟೂ ಬಂತು. ನಿನ್ನಾಣೆ ಯಾರಿಗೂ ಹೇಳಲ್ಲ ಅಂತ ಆಣೆ ಇಟ್ಟು ಊರಿಗೆ ಬಂದೆ.

ಮದುವೆಯ ದಿನ ಧಾರೆ ಮುಗಿದು, ಅಯ್ಯನವರು ದಕ್ಷಿಣೆ ತೆಗೆದುಕೊಂಡು ಎದ್ದ ಮೇಲೆ ಚಾಪೆ ಹಾಸಿದರು. ಅಜ್ಜಿ ಹಣೆ ತುಂಬ ಈಬತ್ತಿ ಬಳಿದುಕೊಂಡು, ಮೊಳಕಾಲಿನ ಮೇಲೆ ಕೈಯಿಟ್ಟು ಕೂತಳು. ಮೂವತ್ತು ವರ್ಷ ಪಟ್ಟ ಪಾಡನ್ನೆಲ್ಲ ಅವಳ ಮೇಲೆ ತೀರಿಸಿಕೊಳ್ಳಲು ಬಂದಿದ್ದ ಹಳೆಯ ಬೀಗಿತಿಯರು ಮುಂದಿನ ಸಾಲಿನಲ್ಲೇ ಜಾಗ ಹಿಡಿದಿದ್ದರು. ನಾನು ಕಣ್ಣು ಮುಚ್ಚಿಕೊಂಡು ಎತ್ತಿದೆ.

ಗಂಡಿನವ್ವ ಬಂದವ್ಳೆ, ಗಾಡಿ ಎರಡು ತಂದವ್ಳೆ,
ಒಂದವಳ ಹೊಟ್ಟೆಗೆ, ಒಂದವಳ ಸಿಟ್ಟಿಗೆ.

ಚಪ್ಪರ ಬಿದ್ದುಹೋಗುವ ಹಾಗೆ ನಗು. ನನ್ನ ದನಿ ಹೇಗಿದೆ ಅಂತ ಕೇಳಿಸಿಕೊಳ್ಳುವ ಪುರುಸೊತ್ತು ಯಾರಿಗೂ ಇರಲಿಲ್ಲ, ಬೈಗುಳ ಕೇಳಿದರೆ ಸಾಕಾಗಿತ್ತು. ನನಗೂ ಹುರುಪು ಬಂತು. ಕೂದಲು, ಹಲ್ಲು, ಹೊಟ್ಟೆ ಮುಗಿಸಿದೆ. ಬೈಯುತ್ತಿರುವುದು ನಮ್ಮ ಅಜ್ಜಿಯನ್ನು, ಹೆತ್ತವ್ವನನ್ನು ಬೈದರೂ ಪಕ್ಕದಲ್ಲೇ ನಿಂತ ನಮ್ಮವ್ವ ನಗುತ್ತಿದ್ದಾಳೆ, ಇಂಥ ಸಂಬಂಧ ಯಾವ ಸೀಮೆಯಲ್ಲಿ ಉಂಟು? ಅಜ್ಜಿ ಮಾತ್ರ ಕಣ್ಣು ಕೂಡ ಮಿಟುಕಿಸಲಿಲ್ಲ. ನಡಿಗೆಯ ಪದವೂ ಮುಗಿಯಿತು. ಪುಟ ತಿರುಗಿಸಿದೆ.

ಅಲ್ಲಿ ನಿಂತುಹೋದೆ. ಮುಂದಿನದು ದನಿಯ ಪದ. ಗಂಡಿನವ್ವನ ಗಂಟಲನ್ನು ಆಡಿಕೊಳ್ಳುವುದು. ಬರೆಸುವಾಗ ಅಜ್ಜಿ ಅದನ್ನೂ ಬರೆಸಿದ್ದಳು, ನಾನೂ ದಡ್ಡಿಯ ಹಾಗೆ ಬರೆದುಕೊಂಡಿದ್ದೆ. ಬಿಟ್ಟು ಮುಂದೆ ಹೋಗೋಣ ಅಂದರೆ ಅದೇ ಕೊನೆಯದು, ವರಸೆ ಎಲ್ಲರಿಗೂ ಗೊತ್ತು. ಜನ ಕಾದರು. ಪದ ಮರೆತಳು ಅಂತ ಗಂಡಿನ ಕಡೆಯವರು ಚಪ್ಪಾಳೆ ತಟ್ಟಲು ಶುರುಮಾಡಿದರು. ಇನ್ನೊಂದು ಚಪ್ಪಾಳೆಗೆ ನಾವು ಸೋಲುತ್ತಿದ್ದೆವು. ಆಗಲಿ, ಎಲೆ ಎತ್ತಿದರೆ ಸಾಯುತ್ತೇವಾ ಅಂತ ನಾನು ಬಾಯಿ ಬಿಗಿಹಿಡಿದೆ.

ಅಜ್ಜಿಗೆ ತಡೆಯಲಾಗಲಿಲ್ಲ. ಪದ ಅರ್ಧಕ್ಕೆ ನಿಲ್ಲುವುದನ್ನು ಆ ಹೆಂಗಸು ಜನ್ಮದಲ್ಲಿ ನೋಡಿರಲಿಲ್ಲ. ನನ್ನನ್ನು ದುರುಗುಟ್ಟಿ ನೋಡಿ, ಕತ್ತು ಚಾಚಿ, ತನ್ನನ್ನೇ ಬೈಯುವ ಸಾಲನ್ನು ತಾನೇ ಎತ್ತಿಕೊಟ್ಟಳು. "ಗಂಡಿನವ್ವ" ಅನ್ನುವ ತನಕ ಇತ್ತು ದನಿ. ಆಮೇಲೆ ಗಾಳಿ. ತುಟಿ ಆಡುತ್ತಿದೆ, ಕತ್ತಿನ ನರ ಉಬ್ಬಿದೆ, ಸದ್ದಿಲ್ಲ. ಮುಂದಿನ ಸಾಲಿನ ಒಬ್ಬ ಬೀಗಿತಿ ಕಿವಿ ಈ ಕಡೆ ತಿರುಗಿಸಿದ್ದು ನನಗೆ ಕಂಡಿತು.

ನಾನು ಅರಚಿದೆ. ಹಾಡಿದೆ ಅನ್ನುವುದು ಸುಳ್ಳು, ಅರಚಿದೆ.

ಗಂಡಿನವ್ವ ಪದ ಎತ್ತುದ್ರೆ ಗೂಡು ಬಿಟ್ಟವು ಹಕ್ಕಿ,
ಹಗ್ಗ ಕಿತ್ಕಂಡು ಓದವು ಹಟ್ಟಿಯ ಕರುವೆಲ್ಲ.

ಚಪ್ಪರದ ಆಚೆ ಕಟ್ಟಿದ್ದ ಎತ್ತುಗಳು ನಿಜಕ್ಕೂ ಎದ್ದು ನಿಂತವು. ಅಜ್ಜಿಯ ಗಾಳಿ ನನ್ನ ಅರಚಾಟದಡಿ ಎಲ್ಲಿ ಹೋಯಿತೋ ಯಾರಿಗೂ ಕಾಣಲಿಲ್ಲ. ಗಂಡಿನ ತಾಯಿ ಬಾಯಿ ಬಿಟ್ಟಳು, ಸೋತಳು ಅಂತ ನಮ್ಮ ಕಡೆಯವರು ಕುಣಿದರು. ತನ್ನ ಪದವನ್ನು ತಾನೇ ಎತ್ತಿಕೊಡದೆ ಇರಲಾಗಲಿಲ್ಲವಲ್ಲ, ಎಂಥ ಹಾಡಿನ ಹುಚ್ಚು ಈ ಮುದುಕಿಗೆ ಅಂತ ಎಲ್ಲರೂ ನಕ್ಕರು. ಅಜ್ಜಿಯ ಗುಂಪಿನ ಹೆಂಗಸರು ಬೈದುಕೊಳ್ಳುತ್ತಾ ಎಲೆ ಎತ್ತಿದರು.

ಊಟವಾದ ಮೇಲೆ ಅಜ್ಜಿ ನನ್ನನ್ನು ಕೊಟ್ಟಿಗೆಯ ಹಿಂದಕ್ಕೆ ಕರೆದು, ಯಾರಿಗಾದರೂ ಕೇಳಿಸಿತಾ ಅಂತ ಕೇಳಿದಳು. ಇಲ್ಲ ಅಂದೆ. ಎಲೆ ಅಡಿಕೆ ಅಗಿಯುತ್ತಾ, ಇನ್ನು ಮೇಲೆ ವೀಳ್ಯ ವಾಪಸ್ಸು ಕಳಿಸುವುದಿಲ್ಲ, ತಾನು ಬಾಯಿಗೆ ಸೆರಗು ಹಿಡಿದು ಮುಂದೆ ಕೂರುತ್ತೇನೆ, ನೀನು ಬೆನ್ನಿಗೆ ಅಂಟಿಕೊಂಡು ಕೂತು ಪದ ಎತ್ತು ಅಂದಳು. ಎಂಥ ಕಳ್ಳಿ! ನಾನು ಒಪ್ಪಿಕೊಂಡೆ. ಗುಡಾಣಕ್ಕಿಂತ ಅಜ್ಜಿಯ ಬೆನ್ನು ವಾಸಿ ಅನ್ನಿಸಿತು.

ನಾಲ್ಕು ಮದುವೆ ಹೀಗೇ ನಡೆಯಿತು. ಸೊಲ್ಲು ಕೊಡುವ ಹೆಂಗಸರಿಗೆ ಗೊತ್ತಿತ್ತು, ಆದರೆ ಅಜ್ಜಿಯ ಬಾಯಿಗೆ ಹೆದರಿ ಸುಮ್ಮನಿದ್ದರು. ಮುದುಕಿಯ ದನಿ ವಯಸ್ಸಾಗಿ ಸ್ವಲ್ಪ ದಪ್ಪ ಆಗಿದೆ ಅಂತ ಜನ ಮಾತಾಡಿಕೊಂಡರು. ಹಾಡುವವಳು ನಾನು, ಎಲೆ ಅಡಿಕೆ, ತೆಂಗಿನಕಾಯಿ, ಹೊಗಳಿಕೆ ಎಲ್ಲ ಅವಳ ಮಡಿಲಿಗೆ. ನನಗೆ ಹೊಟ್ಟೆ ಉರಿಯುತ್ತಿತ್ತು. ಹೇಳಿಬಿಡೋಣ ಅಂತ ಎಷ್ಟು ಸಲ ನಾಲಗೆ ತುದಿಗೆ ಬಂತೋ, ಆ ಹಿತ್ತಲು ನೆನಪಾಗಿ ನುಂಗಿಕೊಂಡೆ.

ಐದನೆಯದು ಹನೂರಿನಲ್ಲಿ. ಪದ ಮುಗಿದ ಮೇಲೆ ಹೆಣ್ಣಿನ ಅಜ್ಜಿ, ಹಣ್ಣು ಹಣ್ಣು ಮುದುಕಿ, ಕಣ್ಣು ಕಾಣದವಳು, ತಡಕಾಡಿಕೊಂಡು ಬಂದು ನಮ್ಮ ಅಜ್ಜಿಯ ಗಲ್ಲ ಹಿಡಿದಳು. ನನ್ನ ಮಕ್ಕಳ ಮದುವೆಗೂ ನೀನೇ ಬಂದಿದ್ದೆ ಅನ್ನುವ ಸಲಿಗೆಯಲ್ಲಿ, ಇಷ್ಟು ಚಂದ ನೀನು ಯಾವತ್ತೂ ಹೇಳಿರಲಿಲ್ಲ ಕಣವ್ವ ಅಂದಳು. ಸುತ್ತಲೂ ಇದ್ದವರೆಲ್ಲ ಹೌದು ಹೌದು ಅಂದರು.

ಅಜ್ಜಿಯ ಬಾಯಿಂದ ಸೆರಗು ಜಾರಿತು. ಆ ಮುದುಕಿಯ ಕೈಯನ್ನು ತನ್ನ ಗಲ್ಲದಿಂದ ತೆಗೆದು, ನನ್ನನ್ನು ಬೆನ್ನ ಹಿಂದಿನಿಂದ ಮುಂದಕ್ಕೆ ಎಳೆದು, ಆ ಕೈಯನ್ನು ನನ್ನ ಗಲ್ಲಕ್ಕೆ ಇಟ್ಟಳು.

"ನಂದಲ್ಲ ಕಣವ್ವ, ಇವ್ಳದು. ನಂದು ಓಗಿ ಎರಡು ವರ್ಸ ಆಯ್ತು."

ಯಾರೂ ನಗಲಿಲ್ಲ. ನನಗೆ ಕೊಟ್ಟರೆ ಸಾಕು ಅಂತ ಕಾದಿದ್ದ ಮಾತು ಅದು, ಬಂದಾಗ ಬೇಡವಾಗಿತ್ತು; ವಾಪಸ್ಸು ತಗೋ ಅಜ್ಜಿ ಅಂತ ಕೂಗಬೇಕು ಅನ್ನಿಸಿತು. ಅಜ್ಜಿ ಮಡಿಲಿನಲ್ಲಿದ್ದ ವೀಳ್ಯವನ್ನು ನನ್ನ ಕೈಗೆ ತುರುಕಿ, ಎದ್ದು, ಸೊಲ್ಲು ಕೊಡುವ ಹೆಂಗಸರ ನಡುವೆ ಜಾಗ ಮಾಡಿಸಿಕೊಂಡು ಕೂತಳು. ಇನ್ನೊಂದು ಪದ ಹೇಳಿ ಅಂತ ಜನ ಕೇಳಿದರು. ನಾನು ಎತ್ತಿದೆ. ಹಿಂದಿನಿಂದ ಸೊಲ್ಲು ಬಂತು. ಅದರಲ್ಲಿ ಅಜ್ಜಿಯದು ಎಲ್ಲಿದೆ ಅಂತ ಹಾಡುತ್ತಲೇ ಹುಡುಕಿದೆ, ಸಿಗಲಿಲ್ಲ.