ಎರಡನೆಯ ಟ್ರಾಲಿ ಹೋಗುವವರೆಗೆ

ಐವತ್ತಮೂರನೆಯ ವಯಸ್ಸಿನಲ್ಲಿ ನಾನು ಚಕ್ರದ ಹಲಗೆಯ ಮೇಲೆ ನಿಂತು ಊರು ಸುತ್ತುತ್ತೇನೆ ಎಂದರೆ ನೀವು ನಗುತ್ತೀರಿ. ನಗಿರಿ. ಸ್ಕೇಟ್‌ಬೋರ್ಡ್ ಎಂಬ ಆ ಹಲಗೆ ಇರುವುದು ಟಿವಿಯ ಪರದೆಯಲ್ಲಿ, ಒಂದು ವಿಡಿಯೋ ಆಟದೊಳಗೆ. ನಾನಿರುವುದು ಕರೋಶಿಯ ನಮ್ಮ ಪಡಸಾಲೆಯಲ್ಲಿ, ಬೆನ್ನಿಗೆ ದಿಂಬು ಕೊಟ್ಟುಕೊಂಡು. ಆಟ ನನ್ನ ಅಣ್ಣನ ಮಗಳು ಕಾವೇರಿಯದು. ಚಿಕ್ಕೋಡಿಯ ಕಾಲೇಜಿನಿಂದ ಬಂದವಳೇ ಅದರ ಮುಂದೆ ಕೂರುತ್ತಾಳೆ. ಅಣ್ಣ ತೀರಿಹೋಗಿ ಎರಡು ವರ್ಷ. ಮನೆಯಲ್ಲಿ ಮಾತು ಕಡಿಮೆಯಾಗಿ ಆಟದ ಸದ್ದು ಹೆಚ್ಚಾಗಿದೆ.

ಆಟದೊಳಗೆ ಒಂದು ಇಡೀ ಶಹರವಿದೆ. ಯಾವ ಗೇಟಿಗೂ ಬೀಗವಿಲ್ಲ, ಹೀಗೇ ಹೋಗು ಎನ್ನುವವರಿಲ್ಲ. ಮೆಟ್ಟಿಲ ಕಂಬಿಯ ಮೇಲೆ ಜಾರಬಹುದು, ಛಾವಣಿಯಿಂದ ಹಾರಬಹುದು, ಓಡುವ ಕಾರಿನ ಹಿಂಬದಿ ಹಿಡಿದು ಎಳೆಸಿಕೊಳ್ಳಬಹುದು. ಇದನ್ನು ಕಂಡಾಗ, ಓಡುವ ಟ್ರಾಲಿಗೆ ಜೋತುಬಿದ್ದು ಕಬ್ಬು ಹಿರಿಯುತ್ತಿದ್ದ ನನ್ನ ಪರಾಕ್ರಮ ಹೇಳಲು ಬಾಯಿ ತೆರೆದು, ಮುಚ್ಚಿಕೊಂಡೆ. ನಮ್ಮ ಮನೆಯಲ್ಲಿ ಟ್ರಾಲಿಯ ಮಾತು ಯಾರೂ ಎತ್ತುವುದಿಲ್ಲ.

ಬೀಳುವುದರಲ್ಲಿ ಮಾತ್ರ ನಾನು ಪಂಡಿತ. ಬಿದ್ದರೆ ಎಲುಬು ಮುರಿದ ಸದ್ದು ಬರುತ್ತದೆ, ಮುರಿದಷ್ಟೂ ಅಂಕ ಕೊಡುತ್ತಾರೆ! ಶಾಲೆಯಲ್ಲಿ ಕಾಣದ ಅಂಕಗಳನ್ನೆಲ್ಲ ಅಲ್ಲಿ ಗಳಿಸಿದೆ. ಇನ್ನೊಂದು ಸೌಕರ್ಯವಿದೆ: ನೆಲದ ಮೇಲೆ ಒಂದು ಗುರುತು ಊರಿ ಹೊರಟರೆ, ಬಿದ್ದಾಗ ಬಟನ್ ಒತ್ತಿದರೆ ಸಾಕು, ಅದೇ ಗುರುತಿನ ಹತ್ತಿರ ಮೈಗೆ ಧೂಳೂ ಹತ್ತದೆ ನಿಂತಿರುತ್ತೀರಿ. ಮಿಂಚಿಹೋದ ಕಾರ್ಯಕ್ಕೆ ಚಿಂತಿಸಿ ಫಲವಿಲ್ಲ ಎಂಬ ಗಾದೆ ಈ ಆಟ ಮಾಡಿದವರ ಕಿವಿಗೆ ಬಿದ್ದಿಲ್ಲ. ನನಗೆ ಆ ಬಟನ್ ಸಿಕ್ಕರೆ ಗುರುತು ಎಲ್ಲಿ ಊರಬೇಕೆಂದು ಗೊತ್ತಿದೆ. ಸಕ್ಕರೆ ಕಾರ್ಖಾನೆಯ ಎದುರು, ಚಹಾದಂಗಡಿಯ ಈಚೆಗೆ.

ಹಂಗಾಮಿನಲ್ಲಿ ಅಲ್ಲಿ ಕಬ್ಬಿನ ಟ್ರ್ಯಾಕ್ಟರುಗಳ ಸಾಲು ನಿಲ್ಲುತ್ತದೆ, ಒಂದೊಂದಕ್ಕೂ ಎರಡೆರಡು ಟ್ರಾಲಿ. ರಸ್ತೆ ದಾಟಬೇಕಾದರೆ ನಮ್ಮ ಕಡೆಯವರು ಸುತ್ತಿ ಹೋಗುವುದಿಲ್ಲ. ಎರಡು ಟ್ರಾಲಿಗಳ ನಡುವಿನ ಕಬ್ಬಿಣದ ಕೊಂಡಿಯ ಮೇಲೆ ಕಾಲಿಟ್ಟು ಆಚೆ ಇಳಿಯುತ್ತೇವೆ. ಸುತ್ತಿ ಹೋದವನು ಅಂಜುಬುರುಕ. ಅಂದು ನಾನು ಮೊದಲು ದಾಟಿ, ಎರಡು ಚಹಾ ಹೇಳಿದೆ. ಅಣ್ಣ ಈಚೆಯೇ ನಿಂತಿದ್ದ.

"ತಡಿಯೋ, ಗಾಡಿ ಚಾಲೂ ಐತಿ," ಎಂದ.

"ಬಾರೋ ಅಣ್ಣಾ, ಚಹಾ ಆರತೈತಿ," ಎಂದೆ.

ಅವನು ಕೊಂಡಿಯ ಮೇಲೆ ಕಾಲಿಟ್ಟ. ಸಾಲು ಹೊರಟಿತು. ಡ್ರೈವರ್ ಹಾರ್ನ್ ಹೊಡೆಯಲಿಲ್ಲ ಎಂದು ಊರಿಗೆಲ್ಲ ಹೇಳಿದೆ. ಅದು ಸುಳ್ಳಲ್ಲ. ನಾನು ಕರೆದದ್ದನ್ನು ಮಾತ್ರ ಯಾರಿಗೂ ಹೇಳಲಿಲ್ಲ.

ಹೋದ ವಾರ ಕಾವೇರಿ ಆಟದಲ್ಲಿ ತಾನು ಬಿದ್ದದ್ದನ್ನೇ ಮತ್ತೆ ಮತ್ತೆ ತಿರುಗಿಸಿ, ಮೇಲಿನಿಂದ, ಪಕ್ಕದಿಂದ, ಹಿಂದಿನಿಂದ ನೋಡುತ್ತಿದ್ದಳು. ಅದಕ್ಕೂ ಅಲ್ಲಿ ವ್ಯವಸ್ಥೆಯಿದೆ.

"ಎಷ್ಟ್ ಸಲ ನೋಡ್ತಿ?" ಎಂದೆ.

"ಎಲ್ಲಿ ತಪ್ಪೇತಿ ಗೊತ್ತಾಗ್ಬೇಕಲ್ಲ ಕಾಕಾ." ಆಮೇಲೆ, ಪರದೆಯಿಂದ ಕಣ್ಣು ತೆಗೆಯದೆಯೇ ಕೇಳಿದಳು: "ಅಪ್ಪಗ ಚಾಲೂ ಗಾಡಿ ಅಂದ್ರ ಅಂಜಿಕಿ ಇತ್ತು. ಅಂವ ಹ್ಯಾಂಗ ದಾಟಿದಾ?"

"ನಾ ಕರದೆ. ತಡಿ ಅಂದ ಅಂವ. ನಾನ ಕರದೆ."

ಅಡಿಗೆಮನೆಯಲ್ಲಿ ಕಾವೇರಿಯ ಅವ್ವ, ನನ್ನ ವೈನಿ, ರೊಟ್ಟಿ ಬಡಿಯುವ ಸದ್ದು ನಿಂತಿತು. ಕಾವೇರಿ ಆಟ ಬಂದ್ ಮಾಡಿ ಎದ್ದುಹೋದಳು. ನಾಲ್ಕು ದಿನ ಅವಳು ಆಟದ ಮುಂದೆ ಕೂರಲಿಲ್ಲ. ವೈನಿ ತಾಟು ಇಡುತ್ತಿದ್ದಳು. ಇನ್ನೊಂದು ರೊಟ್ಟಿ ಎನ್ನುತ್ತಿರಲಿಲ್ಲ. ಕ್ಷಮೆ ಸಿಕ್ಕಿತು ಎಂದು ಬರೆದರೆ ಅದು ಇನ್ನೊಂದು ಸುಳ್ಳು.

ನಿನ್ನೆ ಬೆಳಿಗ್ಗೆ ಕಾವೇರಿಯೂ ನಾನೂ ಬಸ್ಸಿಗೆಂದು ಹೊರಟಾಗ ರಸ್ತೆಯಲ್ಲಿ ಕಬ್ಬಿನ ಗಾಡಿ ನಿಧಾನವಾಗಿ ಬಂತು. ಮೊದಲ ಟ್ರಾಲಿ ದಾಟಿತು. ನಾಚಿಕೆಗೆಟ್ಟ ನನ್ನ ಕಾಲು ಹಳೆಯ ರೂಢಿಯಂತೆ ಮುಂದೆ ಹೋಯಿತು. ಹಿಂದಿನಿಂದ ಅವಳು ನನ್ನ ಅಂಗಿ ಹಿಡಿದು ಜಗ್ಗಿದಳು.

"ತಡಿ ಕಾಕಾ. ಎರಡೂ ಹೋಗ್ಲಿ."

ಆ ಆಟದಲ್ಲಿ ಹಾರಲು, ತಿರುಗಲು, ಬಿದ್ದವನನ್ನು ಎಬ್ಬಿಸಲು ಬಟನ್ ಇದೆ. ನಿಲ್ಲುವುದಕ್ಕೆ ಬಟನ್ ಇಲ್ಲ. ಏನನ್ನೂ ಒತ್ತದಿದ್ದರೆ ಆಯಿತು. ಅಷ್ಟು ಸುಲಭದ್ದನ್ನು ಅಣ್ಣ ನನಗೆ ಅಂದೇ ಹೇಳಿದ್ದ. ಎರಡನೆಯ ಟ್ರಾಲಿಯೂ ಹೋಯಿತು. ಕಾವೇರಿ ಇನ್ನೂ ಅಂಗಿ ಬಿಟ್ಟಿರಲಿಲ್ಲ.