ಮೇಯರ್ ಮನೆಯ ಮದುವೆ

ಮೇಯರ್ ಆಗುವುದಕ್ಕೆ ಮೊದಲು ಅವರು ನಮ್ಮ ರಸ್ತೆಯ ಕೊನೆಯ ಮನೆಯವರು, ಅಷ್ಟೇ. ಧಾರವಾಡದ ಕಡೆಯವರು, ಔಷಧ ಕಂಪನಿಯೊಂದರಲ್ಲಿ ಎಂಜಿನಿಯರ್. ನನಗಿಂತ ತುಂಬಾ ದೊಡ್ಡವರಾದ್ದರಿಂದ ಅಣ್ಣ ಎನ್ನುತ್ತಿದ್ದೆ. ನಾನು ಮೈಸೂರಿನವಳಾದರೂ ಅವರ ಹೆಂಡತಿಯನ್ನು ಅವರ ಕಡೆಯ ರೂಢಿಯಂತೆ ವೈನಿ ಎಂದೇ ಕರೆಯುತ್ತಿದ್ದೆ. ಊರಿನ ಹೆಸರು ಬೇಡ. ಸಮರ್‌ಸೆಟ್‌ನಿಂದ ಬಹಳ ದೂರವಿಲ್ಲ, ಅಷ್ಟು ಹೇಳಿದರೆ ಸಾಕು.

ಆಗ ನಮ್ಮ ರಸ್ತೆಗೆ ಫುಟ್‌ಪಾತ್ ಇರಲಿಲ್ಲ. ಬೇಸಿಗೆಯಲ್ಲಿ ಇಂಡಿಯಾದಿಂದ ಬರುತ್ತಿದ್ದ ಅಪ್ಪ ಅಮ್ಮಂದಿರು ಸಂಜೆ ಹೊತ್ತು ಸ್ವೆಟರ್ ಹಾಕಿಕೊಂಡು ರಸ್ತೆಯ ಅಂಚಿನಲ್ಲೇ ಸಾಲಾಗಿ ನಡೆಯುತ್ತಿದ್ದರು. ಒಂದು ಸಂಜೆ ಕಾರೊಂದರ ಕನ್ನಡಿ ತಾಗಿ ನಮ್ಮತ್ತೆ ಬಿದ್ದರು, ಮಣಿಕಟ್ಟು ಮುರಿಯಿತು. ಕಾರಿನವನು ನಿಲ್ಲಿಸಲೂ ಇಲ್ಲ. ನಾವು ಆಸ್ಪತ್ರೆ, ಇನ್ಶೂರೆನ್ಸ್ ಎಂದು ಓಡಾಡುತ್ತಿದ್ದಾಗ ಅಣ್ಣ ನೇರವಾಗಿ ಟೌನ್ ಕೌನ್ಸಿಲ್ ಸಭೆಗೆ ಹೋದರು. ಅಲ್ಲಿ ಊರಿನ ಯಾರು ಬೇಕಾದರೂ ಎದ್ದು ನಿಂತು ಸ್ವಲ್ಪ ಹೊತ್ತು ಮಾತಾಡಬಹುದು ಎನ್ನುವುದೇ ನಮಗೆ ಗೊತ್ತಿರಲಿಲ್ಲ. ಕೈಗೆ ಪ್ಲಾಸ್ಟರ್ ಹಾಕಿದ್ದ ನಮ್ಮತ್ತೆಯನ್ನು ಮುಂದಿನ ಸಾಲಿನಲ್ಲಿ ಕೂರಿಸಿ, ಅವರು ತಮ್ಮ ಧಾರವಾಡದ ಇಂಗ್ಲಿಷಿನಲ್ಲಿ, ಒಂದಿಷ್ಟೂ ಅಳುಕದೆ, ಒಂದು ಊರಿನಲ್ಲಿ ಮುದುಕರು ನಡೆದಾಡಲು ಆಗುವುದಿಲ್ಲವೆಂದರೆ ಅದೆಂಥ ಊರು ಎಂದು ಕೇಳಿದರು. ಫುಟ್‌ಪಾತ್ ಆಗುವವರೆಗೂ ಒಂದು ಸಭೆಯನ್ನೂ ಬಿಡಲಿಲ್ಲ.

ಅವರು ಕೌನ್ಸಿಲ್‌ಗೆ ನಿಂತಾಗ ನಾವೆಲ್ಲ ಬಾಗಿಲು ತಟ್ಟಲು ಹೋದೆವು. ನನ್ನ ಹತ್ತಿರ ಆಗ ಇದ್ದದ್ದು ಬರೀ ಗ್ರೀನ್ ಕಾರ್ಡ್, ಓಟಿನ ಹಕ್ಕಿರಲಿಲ್ಲ. ಆದರೂ ವೈನಿಯ ಜೊತೆ ಗುರುತಿಲ್ಲದವರ ಮನೆಗಳ ಮುಂದೆ ನಿಂತು, ನಾಯಿ ಬೊಗಳಿದರೆ ಎರಡು ಹೆಜ್ಜೆ ಹಿಂದೆ ಸರಿದು, ಅವರ ಬಗ್ಗೆ ಹೇಳುತ್ತಿದ್ದೆ. ಗೆದ್ದರು. ಕೆಲವು ವರ್ಷಗಳ ಮೇಲೆ ಮೇಯರ್ ಆದರು. ಪ್ರಮಾಣವಚನದ ದಿನ ವೈನಿ ಇಳಕಲ್ ಸೀರೆ ಉಟ್ಟಿದ್ದರು. ನಾವು ಊರಿನ ಸಭಾಂಗಣದಲ್ಲಿ ಕನ್ನಡದಲ್ಲೇ ಜೋರಾಗಿ ಮಾತಾಡಿದೆವು. ಈ ದೇಶಕ್ಕೆ ಬಂದು ಅಷ್ಟು ವರ್ಷಗಳಾದ ಮೇಲೆ ಇದು ನಮ್ಮ ಊರು ಎಂದು ನನಗೆ ಅನ್ನಿಸಿದ್ದು ಅವತ್ತೇ.

ನಮ್ಮ ಮನೆಗಳ ಹಿಂದೆ ಜೋಳದ ಹೊಲವೊಂದಿತ್ತು. ಅಲ್ಲಿ ದೊಡ್ಡ ವೇರ್‌ಹೌಸ್ ಬರುತ್ತದೆ, ರಾಬಿನ್ಸ್‌ವಿಲ್ ಕಡೆ ಹಗಲೂ ರಾತ್ರಿ ಟ್ರಕ್ ಓಡಾಡುವ ಸರಕಿನ ಉಗ್ರಾಣವಿದೆಯಲ್ಲ ಅಂಥದ್ದು, ಎಂಬ ಸುದ್ದಿ ಹಬ್ಬಿದಾಗ ಎಲ್ಲರೂ ಅಣ್ಣನ ಬಳಿ ಹೋದೆವು. "ಚಿಂತಿ ಮಾಡಬ್ಯಾಡ್ರಿ. ಟ್ಯಾಕ್ಸ್ ಕಡಿಮಿ ಆಗ್ತದ, ಟ್ರಕ್ ಹಿಂದಿನ ರಸ್ತೆಯಿಂದ ಹೋಗ್ತಾವ" ಎಂದರು. ನಂಬಿದೆವು. ಕೌನ್ಸಿಲ್‌ನಲ್ಲಿ ಅವರು ಅದರ ಪರವಾಗಿ ಓಟು ಹಾಕಿದರು, ಅನುಮತಿ ಸಿಕ್ಕಿತು.

ಆ ಬೇಸಿಗೆಯಲ್ಲೇ ಅವರ ಮಗಳ ಮದುವೆ. ನದಿಯ ದಡದ ದೊಡ್ಡ ಹೋಟೆಲು, ಎಲ್ಲಿ ನೋಡಿದರೂ ಬಿಳಿ ಹೂವು, ಹೋಳಿಗೆ ಮಾಡಲೆಂದೇ ಬೇರೆ ರಾಜ್ಯದಿಂದ ಬಂದಿದ್ದ ಅಡುಗೆಯವರು. ಆರತಿ ಎತ್ತಲು ವೈನಿ ನನ್ನನ್ನೇ ಕರೆದರು. ಅಂಥ ಮದುವೆ ನಮ್ಮ ಬಳಗದಲ್ಲಿ ಯಾರೂ ಮಾಡಿರಲಿಲ್ಲ. ಎರಡು ಸಲ ಹೋಳಿಗೆ ಹಾಕಿಸಿಕೊಂಡು ತಿಂದದ್ದು ನನಗೆ ಚೆನ್ನಾಗಿ ನೆನಪಿದೆ.

ಮುಂದಿನ ವರ್ಷ ಒಂದು ಬೆಳಿಗ್ಗೆ, ನನ್ನ ಮಗಳನ್ನು ಸ್ಕೂಲ್ ಬಸ್ ಹತ್ತಿಸಲು ಹೊರಗೆ ಬಂದಾಗ, ಅವರ ಮನೆಯ ಮುಂದೆ ಕಪ್ಪು ಕಾರುಗಳು ನಿಂತಿದ್ದವು. ಫೆಡರಲ್ ಏಜೆಂಟರು ಅವರನ್ನು ಕರೆದುಕೊಂಡು ಹೋಗುತ್ತಿದ್ದರು. ಅಣ್ಣ ನಮ್ಮತ್ತ ನೋಡಲಿಲ್ಲ. ಬಾಗಿಲಲ್ಲಿ ನಿಂತಿದ್ದ ವೈನಿ ಚಳಿಯಲ್ಲೂ ಒಳಗೆ ಹೋಗಲಿಲ್ಲ. ಮದುವೆಯ ಖರ್ಚನ್ನೆಲ್ಲ ವೇರ್‌ಹೌಸ್ ಕಟ್ಟುತ್ತಿದ್ದ ಕಂಪನಿಯ ಮಧ್ಯವರ್ತಿಯೇ ಭರಿಸಿದ್ದ, ಅದು ಆ ಓಟಿಗೆ ಕೊಟ್ಟ ಲಂಚ ಎಂಬುದು ಆರೋಪ. ಮಧ್ಯಾಹ್ನದ ಹೊತ್ತಿಗೆ ಟೀವಿಯಲ್ಲೂ ಬಂತು.

ನಮ್ಮವರಲ್ಲಿ ಎರಡು ಪಂಗಡವಾಯಿತು. ಕಂದು ಬಣ್ಣದವನು ಮೇಲೆ ಬಂದದ್ದನ್ನು ಸಹಿಸಲಾಗದೆ ಸಿಕ್ಕಿಸಿದ್ದಾರೆ ಎಂದರು ಕೆಲವರು. ಉಳಿದವರು ಅವರ ಜೊತೆ ತೆಗೆಸಿಕೊಂಡ ಫೋಟೊಗಳನ್ನು ಸದ್ದಿಲ್ಲದೆ ಫೇಸ್‌ಬುಕ್ಕಿನಿಂದ ತೆಗೆದರು. ನನ್ನ ಮಗಳು ಊಟ ಮಾಡುತ್ತಾ, "ಸೋ, ಅಂಕಲ್ ಈಸ್ ಅ ಬ್ಯಾಡ್ ಗೈ?" ಎಂದು ಕೇಳಿದಳು. ಗೊತ್ತಿಲ್ಲ ಎಂದೆ.

ವಿಚಾರಣೆ ನೂವರ್ಕ್‌ನಲ್ಲಿ. ಅಣ್ಣನ ಮಗಳು ಕೋರ್ಟಿಗೆ ಬರುವುದಿಲ್ಲ ಎಂದಿದ್ದಳಂತೆ. ವೈನಿಗೆ ಹೈವೇಯಲ್ಲಿ ಡ್ರೈವ್ ಮಾಡಲು ಹೆದರಿಕೆ. ನಾನು ರಜೆ ಹಾಕಿ ಕರೆದುಕೊಂಡು ಹೋಗುತ್ತೇನೆ ಎಂದಾಗ ನನ್ನ ಗಂಡ ಸಿಟ್ಟಾದರು.

"ನಮ್ಮ ಸಿಟಿಜನ್‌ಶಿಪ್ ಇಂಟರ್‌ವ್ಯೂ ಮುಂದಿದೆ. ನಿನಗ್ಯಾಕೆ ಬೇಕು ಇದೆಲ್ಲ?"

"ನಿಮ್ಮಮ್ಮನ ಕೈ ಮುರಿದಾಗ ಅವರು ಹಾಗೆ ಅಂದ್ರಾ?"

"ಅದು ಬೇರೆ, ಇದು ಬೇರೆ" ಎಂದರು. ಅವರ ಮಾತು ಸರಿಯೇ ಇತ್ತು. ಆದರೂ ಹೋದೆ.

ಸರ್ಕಾರಿ ವಕೀಲೆ ಮದುವೆಯ ಫೋಟೊಗಳನ್ನು ಒಂದೊಂದಾಗಿ ಪರದೆಯ ಮೇಲೆ ತೋರಿಸಿದಳು. ಮಂಟಪ, ಹೂವು, ಊಟದ ಸಾಲು. ಒಂದರಲ್ಲಿ ನಾನಿದ್ದೆ. ಹಸಿರು ರೇಷ್ಮೆ ಸೀರೆ, ಕೈಯಲ್ಲಿ ಆರತಿ ತಟ್ಟೆ, ಬಾಯಿ ತುಂಬ ನಗು. ಯಾರೂ ನನ್ನತ್ತ ತಿರುಗಲಿಲ್ಲ. ಆದರೂ ತಲೆ ತಗ್ಗಿಸಿದೆ.

ಆಮೇಲೆ ಮಧ್ಯವರ್ತಿ ಗುಟ್ಟಾಗಿ ಮಾಡಿಕೊಂಡಿದ್ದ ರೆಕಾರ್ಡಿಂಗ್ ಕೇಳಿಸಿದರು. ಆ ರಸ್ತೆಯ ಇಂಡಿಯನ್ನರು ಗಲಾಟೆ ಮಾಡುವುದಿಲ್ಲವೇ ಎಂದು ಅವನು ಕೇಳುತ್ತಾನೆ. ಅಣ್ಣ ನಗುತ್ತಾರೆ. ಅದು ನಮಗೆಲ್ಲ ಗೊತ್ತಿದ್ದ, ನಮ್ಮ ಮನೆಗಳಲ್ಲಿ ಚಹಾ ಕುಡಿಯುತ್ತಾ ನಗುತ್ತಿದ್ದ ಅದೇ ನಗು. ಅವರೆಲ್ಲ ನನ್ನ ಜನ, ಒಂದು ಫೋಟೊ ತೆಗೆಸಿಕೊಂಡರೆ ಸಾಕು, ಮನೆಗೆ ಹೋಗಿ ಮಲಗುತ್ತಾರೆ ಎಂದು ಇಂಗ್ಲಿಷಿನಲ್ಲಿ ಹೇಳುತ್ತಾರೆ.

ವೈನಿ ನನ್ನ ಕೈ ಹಿಡಿದುಕೊಂಡಿದ್ದವರು ಮೆಲ್ಲಗೆ ಬಿಟ್ಟರು.

ಊಟದ ಬಿಡುವಿನಲ್ಲಿ ಕೋರ್ಟಿನ ಹೊರಗೆ ಕಾರಿನಲ್ಲಿ ಕೂತೆವು. ಅವರು ತಂದಿದ್ದ ಚಪಾತಿ ಪಲ್ಯದ ಡಬ್ಬಿಯನ್ನು ಇಬ್ಬರೂ ಮುಟ್ಟಲಿಲ್ಲ.

"ಮದುವಿ ಖರ್ಚಿಂದು ನನಗ ಗೊತ್ತಿದ್ದಿಲ್ಲ ಅಂದ್ರ ನೀ ನಂಬ್ತೀ ಏನವಾ?"

"ನಂಬ್ತೀನಿ ವೈನಿ."

"ಗೊತ್ತಿದ್ದಿಲ್ಲ. ಆದ್ರ ಇಷ್ಟು ಎಲ್ಲಿಂದ ಬಂತು ಅಂತ ಕೇಳಲಿಕ್ಕೂ ಹೋಗಲಿಲ್ಲ. ಮಗಳ ಮದುವಿ ಛಂದ ಆಗ್ಲಿಕ್ಕತ್ತದಲ್ಲ, ಸುಮ್ಮನಿದ್ದೆ."

ಅಷ್ಟು ದೊಡ್ಡ ಮದುವೆ ಹೇಗೆ ಸಾಧ್ಯ ಎಂದು ನಮ್ಮಲ್ಲೂ ಯಾರೂ ಕೇಳಿರಲಿಲ್ಲ.

ತೀರ್ಪು ಬಂತು. ತಪ್ಪಿತಸ್ಥ. ಕೆಲವು ತಿಂಗಳ ಮೇಲೆ ಶಿಕ್ಷೆಯಾಗಿ ಜೈಲಿಗೆ ಹೋದರು. ವೈನಿ ಮನೆ ಮಾರಿ ಫೋರ್ಟ್ ಲೀಯಲ್ಲಿ ಎತ್ತರದ ಕಟ್ಟಡವೊಂದರ ಸಣ್ಣ ಅಪಾರ್ಟ್‌ಮೆಂಟಿಗೆ ಹೋದರು. ನಮಗೆ ಪೌರತ್ವ ಸಿಕ್ಕಿತು. ಇಂಟರ್‌ವ್ಯೂನಲ್ಲಿ ಅವರ ಬಗ್ಗೆ ಯಾರೂ ಕೇಳಲಿಲ್ಲ. ಹೊಲವಿದ್ದ ಕಡೆ ಈಗ ಕಿಟಕಿಯೇ ಇಲ್ಲದ ಬೂದು ಗೋಡೆ. ಟ್ರಕ್ಕುಗಳು ನಮ್ಮ ರಸ್ತೆಯಿಂದಲೇ ಹೋಗುತ್ತವೆ.

ಅಣ್ಣ ಬಿಡುಗಡೆಯಾದರೆಂದು ತಿಳಿದು ಕಳೆದ ಚಳಿಗಾಲದಲ್ಲಿ ಒಬ್ಬಳೇ ನೋಡಲು ಹೋದೆ. ಬಹಳ ಇಳಿದುಹೋಗಿದ್ದರು. ಗಡ್ಡ ಬಿಟ್ಟಿದ್ದರು. ಕಿಟಕಿಯಿಂದ ನದಿಯ ಮೇಲಿನ ಸೇತುವೆ ಕಾಣುತ್ತಿತ್ತು. ಕೂತ ಕೂಡಲೇ ಕೇಸಿನ ಮಾತು ಶುರು ಮಾಡಿದರು. ಮಧ್ಯವರ್ತಿ ತನ್ನ ತಲೆ ಉಳಿಸಿಕೊಳ್ಳಲು ತಮ್ಮನ್ನು ಸಿಕ್ಕಿಸಿದ, ವಕೀಲ ಸರಿಯಿರಲಿಲ್ಲ, ಈ ದೇಶದಲ್ಲಿ ಎಲ್ಲರೂ ಮಾಡುವುದನ್ನೇ ತಾವೂ ಮಾಡಿದ್ದು.

ಕೊನೆಗೆ ನಾನೇ ಕೇಳಿದೆ. "ಅಣ್ಣ, ಫೋಟೊ ತೆಗೆಸಿಕೊಂಡ್ರೆ ಸಾಕು ಅಂದ್ರಲ್ಲ, ನಮ್ಮ ಬಗ್ಗೆ. ನಿಜವಾಗ್ಲೂ ಹಾಗೆ ಅನ್ಕೊಂಡಿದ್ರಾ?"

ಅವರು, "ಅದೇನೋ ಮಾತಿನ ಭರದಾಗ ಬಂದದ್ದು" ಎಂದರು.

ಅಡುಗೆಮನೆಯಿಂದ ವೈನಿಯ ದನಿ ಬಂತು. "ಮಾತಿನ ಭರದಾಗ ಖರೇನ ಬರ್ತದ ರೀ."

ಅಣ್ಣ ಎದ್ದು ಒಳಗಿನ ಕೋಣೆಗೆ ಹೋದರು. ಚಹಾ ನಾವಿಬ್ಬರೇ ಕುಡಿದೆವು. ಮಗಳು ಬರುತ್ತಾಳೆಯೇ ಎಂದು ಕೇಳಿದೆ. ಫೋನ್ ಮಾಡುತ್ತಾಳೆ, ಆದರೆ ಅಪ್ಪನ ಕೈಗೆ ಕೊಡಬೇಡ ಎನ್ನುತ್ತಾಳೆ ಎಂದರು.

ಲಿಫ್ಟಿನವರೆಗೂ ಬಂದು ವೈನಿ ನನ್ನ ಕೋಟಿನ ಗುಂಡಿ ಹಾಕಿದರು. "ಮತ್ತ ಬಾ. ಅವರ ಜೋಡಿ ಮಾತಾಡ್ಲಿಕ್ಕೆ ಯಾರೂ ಬರೂದಿಲ್ಲ."

ಬರ್ತೀನಿ ವೈನಿ ಎಂದೆ. ಇನ್ನೂ ಹೋಗಿಲ್ಲ.